ಮೂರು ಎಂಜಿನ್ನಿನ ಮನೆ

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಹಾಲು ಉಕ್ಕಿತು. ಗೃಹಪ್ರವೇಶದ ದಿನ ಉಕ್ಕಿದ್ದರೆ ಶುಭ ಎನ್ನುತ್ತಿದ್ದರು. ಮಾಮೂಲಿ ಭಾನುವಾರ ಉಕ್ಕಿದ್ದರಿಂದ ಬೈಗುಳ ಬಂತು. ಒಲೆಯ ಮುಂದೆ ನಿಂತಿದ್ದವನು ನಾನೇ. ಹಾಲು ಏರುವುದನ್ನು ನೋಡುತ್ತಲೂ ಇದ್ದೆ, ಆದರೆ ಜೊತೆಗೆ ಬೇರೇನನ್ನೋ ಯೋಚಿಸುತ್ತಿದ್ದೆ. ಯೋಚನೆ ಮಾಡುವವರನ್ನು ಹಾಲಿನ ಹತ್ತಿರ ನಿಲ್ಲಿಸಬಾರದು ಎಂಬುದು ನಮ್ಮಮ್ಮನ ಹಳೆಯ ಸಿದ್ಧಾಂತ. ಹೊರಗಿನ ಕೋಣೆಯಲ್ಲಿ ಕೂತಿದ್ದ ಅವಳು ಮೂಗೆಳೆದು, "ಸುಗುಣಕ್ಕನ ಮನೆ ವಾಸನೆ ಬರ್ತಿದೆ ಕಣೋ" ಎಂದಳು.

ನಾನು ಮನಃಶಾಸ್ತ್ರ ಓದಿ, ಅದನ್ನೇ ಪಾಠ ಮಾಡುವವನು. ವಾಸನೆ ಎಂಬುದು ನೆನಪಿನ ಮನೆಗೆ ಹಿತ್ತಿಲ ಬಾಗಿಲಿನಿಂದ ನುಗ್ಗುತ್ತದೆ ಎಂದು ನಮಗೆ ಪಾಠ ಮಾಡಿದ್ದರು. ನೆನಪನ್ನು ನಾವು ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುತ್ತೇವೆ, ಅದನ್ನು ಪೂರ್ತಿ ನಂಬಬೇಡಿ ಎಂದು ಅದೇ ಮೇಷ್ಟರು ಅದೇ ವಾರ ಪಾಠ ಮಾಡಿದ್ದರು. ಆದ್ದರಿಂದ ಈಗ ಹೇಳುವುದರಲ್ಲಿ ನೀವು ಅರ್ಧ ನಂಬಿದರೆ ಸಾಕು. ಯಾವ ಅರ್ಧ ಎಂದು ಮಾತ್ರ ಕೇಳಬೇಡಿ.

ಈಗ ವಿಶ್ವೇಶ್ವರಪುರದಲ್ಲಿರುವ ನಾವು ಕೆಲವು ವರ್ಷಗಳ ಹಿಂದೆ ಚಾಮರಾಜಪೇಟೆಯಲ್ಲಿದ್ದೆವು. ನಮ್ಮ ಹಿತ್ತಿಲಿಗೆ ತಾಗಿದ ಮನೆಗೂ ನಮಗೂ ನಡುವೆ ಒಂದು ಮೋಟು ಗೋಡೆ. ಅವರ ಊಟದ ಕೋಣೆಯ ಗವಾಕ್ಷಿ, ನನ್ನ ಮಹಡಿ ಕೋಣೆಯ ಕಿಟಕಿ ಎದುರುಬದುರು. ಆ ಮನೆಯಲ್ಲಿ ಮೂವರು ಮಿಷನರಿಗಳಿದ್ದರು. ಮಿಷನರಿ ಎಂದರೆ ನಿಮ್ಮ ಕಣ್ಣ ಮುಂದೆ ಬಿಳಿ ಗಡ್ಡದ ದೊರೆಯೊಬ್ಬ ಬರಬಹುದು. ಇವರು ಹಾಗಲ್ಲ. ಮನೆಯ ಹಿರಿಯರು ಸುಗುಣಕ್ಕ, ಕೋಲಾರದ ಕಡೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಎರಡನೆಯವರು ಎಲಿಷಪ್ಪ; ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು, ಒಂದು ದಿನ ದೇವರ ಕರೆ ಬಂತೆಂದು ಇಳಿದುಬಿಟ್ಟವರು. ಮೂರನೆಯವನು ಜೀವರತ್ನ. ಮೂವತ್ತರ ಆಸುಪಾಸು, ಕೈಯಲ್ಲೊಂದು ಗಿಟಾರು, ಸದಾ ಒದ್ದೆ ತಲೆ. ಗಿಟಾರೋ ಹಾರ್ಮೋನಿಯಮ್ಮೋ ಎಂದು ಈಗ ನನಗೆ ಸಣ್ಣ ಅನುಮಾನ. ಒದ್ದೆ ತಲೆ ಖಚಿತ.

ದೊಡ್ಡಾಸ್ಪತ್ರೆಯ ವಾರ್ಡುಗಳಲ್ಲಿ, ನೋಡಿಕೊಳ್ಳುವವರಿಲ್ಲದೆ ಮಲಗಿದ್ದ ರೋಗಿಗಳ ಬಳಿ ಕೂರುವುದು ಅವರ ಕೆಲಸ. ಸುಗುಣಕ್ಕ ತಲೆ ಬಾಚುತ್ತಿದ್ದರು, ಉಗುರು ಕತ್ತರಿಸುತ್ತಿದ್ದರು, ಗಂಜಿ ಕುಡಿಸುತ್ತಿದ್ದರು. ಎಲಿಷಪ್ಪ ಗಾಲಿಕುರ್ಚಿ ತಳ್ಳಿಕೊಂಡು ಎಕ್ಸ್‌ರೇ ಕೋಣೆಯ ಜನಜಂಗುಳಿಗೆ "ಸ್ವಲ್ಪ ಒಳಗೆ ಹೋಗಿ, ಒಳಗೆ ಖಾಲಿ ಇದೆ" ಎಂದು ಕೂಗಿದರೆ ಜನ ಏಕೆಂದು ಕೇಳದೆ ಸರಿಯುತ್ತಿದ್ದರು. ಜೀವರತ್ನ ರೋಗಿಗಳು ಕೇಳಿದ್ದನ್ನು ಹಾಡುತ್ತಿದ್ದ. ಅವರು ಹೆಚ್ಚಾಗಿ ಕೇಳುತ್ತಿದ್ದದ್ದು ಸಿನಿಮಾ ಹಾಡು. ಸುಗುಣಕ್ಕನಿಗೆ ಇದು ಸರಿಬೀಳುತ್ತಿರಲಿಲ್ಲ.

ನಮ್ಮ ಚಿಕ್ಕಮ್ಮನೊಬ್ಬಳಿಗೆ ನನ್ನ ಬಗ್ಗೆ ಭಯವಿತ್ತು. "ಆ ಜನ ನಿಮ್ಮ ಹುಡುಗನ್ನ ಬದಲಾಯಿಸಿಬಿಟ್ಟಾರು" ಎನ್ನುತ್ತಿದ್ದಳು. ನನ್ನನ್ನು ಬದಲಾಯಿಸಲು ಅವರು ಮಾಡಿದ ಏಕೈಕ ಪ್ರಯತ್ನವೆಂದರೆ, ಸುಗುಣಕ್ಕ ಗೋಡೆಯಾಚೆಯಿಂದ "ಮೇಷ್ಟ್ರಾಗಿ ಆ ಹರಕು ಬನಿಯನ್ ಹಾಕ್ಕೊಂಡು ಮಹಡಿ ಮೇಲೆ ಓಡಾಡ್ಬೇಡಪ್ಪ" ಎಂದದ್ದು. ಅದೂ ಫಲಿಸಲಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಈ ಮೂವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಆದರೆ ಜಗಳವಾಡುವಂತಿರಲಿಲ್ಲ. ಸಹೋದರನನ್ನು ಬೈಯುವುದು ಪಾಪ ಎಂದು ಸುಗುಣಕ್ಕ ಕಟ್ಟಪ್ಪಣೆ ಮಾಡಿದ್ದರು. ಹೀಗಾಗಿ ಮೂವರೂ ದಿನವಿಡೀ ಬಾಯಿ ಬಿಗಿಹಿಡಿದು, ಸಂಜೆ ಪ್ರಾರ್ಥನೆಗೆ ಕೂತು ಕಣ್ಣು ಮುಚ್ಚಿದ ಮೇಲೆ ಎಲ್ಲವನ್ನೂ ದೇವರಿಗೆ ಒಪ್ಪಿಸುತ್ತಿದ್ದರು.

"ಪರಲೋಕದ ತಂದೆಯೇ," ಎಂದು ಸುಗುಣಕ್ಕನ ಸ್ವರ ಗವಾಕ್ಷಿಯಿಂದ ಬರುತ್ತಿತ್ತು, "ಈ ದಿನವೆಲ್ಲ ನಮ್ಮನ್ನು ಕಾಪಾಡಿದ್ದಕ್ಕೆ ನಿನಗೆ ಸ್ತೋತ್ರ. ಸ್ನಾನವಾದ ಮೇಲೆ ಗೀಸರಿನ ಸ್ವಿಚ್ಚನ್ನು ಆರಿಸುವ ವಿವೇಕವನ್ನು ನಮ್ಮಲ್ಲಿ ಕಡೆಗೆ ಸ್ನಾನ ಮಾಡುವ ಸಹೋದರನಿಗೆ ದಯಪಾಲಿಸು."

"ಕರುಣಾಮಯನೇ," ಎಂದು ಜೀವರತ್ನ ಶುರುಮಾಡುತ್ತಿದ್ದ, "ಇನ್ನೂ ಕತ್ತಲಿರುವಾಗಲೇ ಎದ್ದು ಪಾತ್ರೆಗಳನ್ನು ಕುಕ್ಕುವ ಹಿರಿಯರ ಕೈಗಳಿಗೆ ಮೃದುತ್ವವನ್ನು ಕೊಡು."

ಎಲಿಷಪ್ಪನವರದು ಚಿಕ್ಕ ಪ್ರಾರ್ಥನೆ. "ಕರ್ತನೇ, ಸಾರಿಗೆ ಉಪ್ಪು." ಒಂದು ಸಣ್ಣ ಕೆಮ್ಮು. "ಜಾಸ್ತಿ ಹೇಳಲ್ಲ. ನಿನಗೇ ಗೊತ್ತು."

ಒಬ್ಬೊಬ್ಬರ ಪ್ರಾರ್ಥನೆ ಮುಗಿದಾಗಲೂ ಎಲ್ಲರೂ ಆಮೆನ್ ಎನ್ನಬೇಕು. ಇದರ ನಿಯಮವನ್ನು ಎಲಿಷಪ್ಪನವರೇ ನನಗೆ ಗೋಡೆಯ ಮೇಲೆ ಮೊಣಕೈಯೂರಿ ವಿವರಿಸಿದ್ದರು. "ಆಮೆನ್ ಅಂದ್ರೆ ಹಾಗೇ ಆಗ್ಲಿ ಅಂತ, ಮೇಷ್ಟ್ರೇ. ಅಂದ್ಮೇಲೆ ಒಪ್ಕೊಂಡ ಹಾಗೆ. ಟಿಕೆಟ್ ಹರಿದ ಮೇಲೆ ವಾಪಸ್ ತಗೊಳ್ಳಲ್ವಲ್ಲ, ಹಂಗೆ."

"ಒಪ್ಪಿಗೆ ಇಲ್ದಿದ್ರೆ?"

"ಅನ್ನದೆ ಕೂತ್ಕೋಬಹುದು. ಆದ್ರೆ ಎಲ್ರೂ ಅನ್ನೋವರ್ಗೂ ಪ್ರಾರ್ಥನೆ ಮುಗಿಯಲ್ಲ. ಮುಗಿಯೋವರ್ಗೂ ಯಾರೂ ಏಳೋ ಹಾಗಿಲ್ಲ. ಅಕ್ಕ ಹಾಲು ಬೇರೆ ಒಲೆ ಮೇಲೆ ಇಟ್ಟು ಬಂದಿರ್ತಾರೆ."

ಹೀಗೆ ಜೀವರತ್ನ ಗೀಸರಿಗೆ ಆಮೆನ್ ಹೇಳಲು ಹಿಂಜರಿದ ದಿನಗಳಲ್ಲೆಲ್ಲ ಹಾಲು ಉಕ್ಕಿ, ಸೀದ ವಾಸನೆ ನಮ್ಮ ಮನೆಯವರೆಗೂ ಬರುತ್ತಿತ್ತು. ಅಮ್ಮ ಧಾರಾವಾಹಿಯ ಸದ್ದು ತಗ್ಗಿಸಿ, "ಇವತ್ತು ಗೀಸರೋ, ಉಪ್ಪೋ?" ಎಂದು ನನ್ನನ್ನು ಕೇಳುತ್ತಿದ್ದಳು. ನಗುವ ಹಕ್ಕು ಅವಳಿಗಿರಲಿಲ್ಲ. ಅವಳೂ ದೇವರ ಮನೆಯಲ್ಲಿ ದೀಪ ಹಚ್ಚುತ್ತ, "ಒದ್ದೆ ಟವೆಲ್ಲು ಮಂಚದ ಮೇಲೆ ಹಾಕೋರಿಗೆ ನೀನೇ ಬುದ್ಧಿ ಕೊಡಪ್ಪ ರಾಘವೇಂದ್ರ" ಎಂದು ಅಪ್ಪನಿಗೆ ಕೇಳಿಸುವಂತೆ ಹೇಳಿಕೊಳ್ಳುತ್ತಿದ್ದಳು. ನಮ್ಮಲ್ಲಿ ಆಮೆನ್ ಇಲ್ಲದ್ದರಿಂದ ಅಪ್ಪ ಪಾರಾಗುತ್ತಿದ್ದರು.

ಆ ಮಿಷನರಿಗಳ ಮನೆಯ ಮೇಲ್ವಿಚಾರಣೆ ಫಿಲಿಪ್ ಸರ್ ಅವರದು. ಯಾವುದೋ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಅಧಿಕಾರಿಯಾಗಿದ್ದವರು, ಅಂಗಿಗೆ ಇಸ್ತ್ರಿಯಿಲ್ಲದೆ ಅವರನ್ನು ಯಾರೂ ನೋಡಿರಲಿಲ್ಲ. ಮೂವರ ಗುದ್ದಾಟ ಅವರ ಕಿವಿಗೂ ಬಿದ್ದಿತ್ತು. ಎಲ್ಲೋ ಒಂದು ತರಬೇತಿ ಶಿಬಿರಕ್ಕೆ ಹೋಗಿ, ಮನುಷ್ಯರ ಸ್ವಭಾವವನ್ನು ಪ್ರಶ್ನೆ ಕೇಳಿ ಅಳೆದು, ಹೊಂದುವವರನ್ನು ಜೊತೆಗೆ ಹಾಕುವ ವಿದ್ಯೆಯನ್ನು ಕಲಿತು ಬಂದರು. ಅಲ್ಲಿನ ಪುಸ್ತಿಕೆಯನ್ನು ತಾವೇ ಕನ್ನಡಕ್ಕೆ ತಂದಿದ್ದರು. ಅವರು ಕಾರ್ಖಾನೆಯವರಾದ್ದರಿಂದ ಮನುಷ್ಯರಲ್ಲಿ ನಾಲ್ಕು ಬಗೆಯಾದವು: ಎಂಜಿನ್, ಬ್ರೇಕ್, ಹಾರ್ನ್ ಮತ್ತು ಸ್ಟೆಪ್ನಿ. ಮುನ್ನುಗ್ಗುವವರು, ತಡೆಯುವವರು, ಮಾತಾಡುವವರು, ಕಷ್ಟಕ್ಕಾಗುವವರು.

"ಪ್ರೊಫೆಸರ್ರೇ, ಈ ಪರೀಕ್ಷೆ ನೀವು ನಡೆಸ್ಕೊಡಬೇಕು" ಎಂದು ಅವರು ನಮ್ಮ ಮನೆಗೆ ಬಂದರು. ನಾನು ಆಗ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕ. ಇಂಥ ಪರೀಕ್ಷೆಗಳಿಗೂ ಗಿಣಿ ಶಾಸ್ತ್ರಕ್ಕೂ ವ್ಯತ್ಯಾಸವೆಂದರೆ ಗಿಣಿಗೆ ಸಂಬಳವಿಲ್ಲ ಎಂದು ಅದೇ ವಾರ ತರಗತಿಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಆದರೆ ಅದುವರೆಗೆ ಯಾರೂ ನನ್ನನ್ನು ಪ್ರೊಫೆಸರ್ ಎಂದಿರಲಿಲ್ಲ. ಒಪ್ಪಿಕೊಂಡೆ.

"ಹೊಂದಾಣಿಕೆ ಇದೆ ಅಂತ ಬಂದ್ರೆ ಸರಿ" ಎಂದರು ಫಿಲಿಪ್ ಸರ್. "ಇಲ್ಲ ಅಂದ್ರೆ ಈ ಮನೆ ಖಾಲಿ ಮಾಡಿಸಿ ಮೂವರನ್ನೂ ಬೇರೆ ಬೇರೆ ಕಡೆ ಹಾಕ್ತೀನಿ. ಸಿಸ್ಟರ್‌ಗೂ ವಯಸ್ಸಾಯ್ತು. ಹೊಸಕೋಟೆ ಹತ್ರ ನಮ್ಮ ವಿಶ್ರಾಂತಿ ಗೃಹ ಇದೆ, ಆರಾಮಾಗಿರ್ಲಿ."

ಪ್ರಶ್ನೆಗಳನ್ನು ನೀವು ನೋಡಬೇಕಿತ್ತು. 'ಜೊತೆಗಾರ ತಡವಾಗಿ ಬಂದರೆ ನೀವು ಏನು ಮಾಡುತ್ತೀರಿ? ಬಿಟ್ಟು ಹೊರಡುತ್ತೀರಿ. ಕಾರಣ ಕೇಳುತ್ತೀರಿ. ಕಾಯುತ್ತ ಹಾಡುತ್ತೀರಿ. ಅವನ ಚೀಲವನ್ನೂ ನೀವೇ ಹೊರುತ್ತೀರಿ.' ಮೂವರಿಗೂ ಒಂದೊಂದು ಪ್ರತಿ ಕೊಟ್ಟು, ನಿಧಾನವಾಗಿ ತುಂಬಿ ಎಂದು ಹೇಳಿ ಬಂದೆ. ಮಾರನೆಯ ಸಂಜೆ ಎಲಿಷಪ್ಪ ಮೂರನ್ನೂ ತಂದುಕೊಟ್ಟರು. ಮೂರರಲ್ಲೂ ಎಲ್ಲ ಉತ್ತರಗಳು ಒಂದೇ. ಮೂವರೂ ಜೊತೆಗಾರನ ಚೀಲ ಹೊತ್ತಿದ್ದರು. ನಾನು ಗೋಡೆಯ ಬಳಿ ಹೋಗಿ ಕೂಗಿದೆ.

"ಇದೇನು ಸುಗುಣಕ್ಕ, ಕಾಪಿ ಹೊಡೆದಿದೀರಾ?"

ಗಣಿತದ ಮೇಷ್ಟರಿಗೆ ಎನ್ನಬಾರದ ಮಾತು. ಅವರ ಮುಖ ಕೆಂಪಾಯಿತು. "ಕಾಪಿ ಯಾಕಪ್ಪ ಹೊಡೀಲಿ? ಒಂದೊಂದು ಪ್ರಶ್ನೆಗೂ ಪ್ರಾರ್ಥನೆ ಮಾಡಿ, ಮೂವರೂ ಒಮ್ಮತಕ್ಕೆ ಬಂದು ಬರೆದಿದೀವಿ."

"ಸಾಕಾಗಿ ಹೋಯ್ತು ಸರ್," ಎಂದ ಜೀವರತ್ನ ಒಳಗಿನಿಂದ, "ಹದಿನಾರನೇ ಪ್ರಶ್ನೆಗೆ ಹಾಲು ಉಕ್ಕಿತು."

"ಒಬ್ಬೊಬ್ಬರೇ ಬರೀಬೇಕಿತ್ತು ಕಣ್ರೀ."

"ಟೀಮಾಗಿ ಹೇಗೆ ಕೆಲಸ ಮಾಡ್ತೀರಿ ಅಂತ ನೋಡೋ ಪರೀಕ್ಷೆ ಅಂದ್ರಲ್ಲ ಮೇಷ್ಟ್ರೇ?" ಎಲಿಷಪ್ಪನವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಟೀಮಾಗೇ ಮಾಡಿದ್ವಿ."

ಅವರ ನಂಬಿಕೆಯಲ್ಲಿ ಒಳ್ಳೆಯ ಸೇವಕ ಯಾವಾಗಲೂ ಇತರರ ಚೀಲ ಹೊರುವವನು. ಹೀಗಾಗಿ ಮೂವರೂ ಸ್ಟೆಪ್ನಿಗಳಾಗಿ ಬಂದಿದ್ದರು. ಫೋನಿನಲ್ಲಿ ಫಿಲಿಪ್ ಸರ್ ನಿಟ್ಟುಸಿರು ಬಿಟ್ಟು, "ಮೂರು ಸ್ಟೆಪ್ನಿ ಇಟ್ಕೊಂಡು ಯಾವ ಗಾಡಿ ಓಡುತ್ತೆ? ಇನ್ನೊಂದ್ಸಲ ಮಾಡಿಸಿ, ಬೇರೆ ಬೇರೆ ಕೂರಿಸಿ" ಎಂದರು.

ಈ ಸಲ ಒಬ್ಬೊಬ್ಬರನ್ನೇ ನನ್ನ ಮಹಡಿ ಕೋಣೆಗೆ ಕರೆದೆ. ಜೀವರತ್ನ ಶಿಳ್ಳೆ ಹಾಕುತ್ತ ತುಂಬಿದ. "ಗೀಸರ್ ಆರಿಸೋದು ದೊಡ್ಡ ವಿಷಯ ಅಲ್ಲ ಸರ್. ನೇರ ಹೇಳಿದ್ರೆ ಆರಿಸ್ತಿದ್ದೆ. ದೇವರ ಕೈಲಿ ಶಿಫಾರಸು ಮಾಡಿಸ್ತಾರಲ್ಲ, ಅದಕ್ಕೇ ಆರಿಸಲ್ಲ" ಎಂದ. ಎಲಿಷಪ್ಪ ಮಾತಿಲ್ಲದೆ ಬರೆದು, ಪೆನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಹೊರಟರು. ಅದು ನನ್ನ ಪೆನ್ನು.

ಸುಗುಣಕ್ಕ ಕೊನೆಗೆ ಬಂದರು. ಎಲ್ಲ ಬರೆದು, ಎರಡು ಸಲ ತಾಳೆ ನೋಡಿ, ಎದ್ದು ಹೋಗದೆ ಕೂತೇ ಇದ್ದರು.

"ಫೇಲಾದ್ರೆ ಹೊಸಕೋಟೆ ಅಲ್ವಾ?"

"ಇದರಲ್ಲಿ ಪಾಸು ಫೇಲು ಇಲ್ಲ ಸುಗುಣಕ್ಕ."

"ಹಾಗಂತ ನಾನೂ ಮಕ್ಕಳಿಗೆ ಹೇಳ್ತಿದ್ದೆ" ಎಂದರು. ಕಿಟಕಿಯಾಚೆ ತಮ್ಮದೇ ಮನೆಯ ಹೆಂಚುಗಳನ್ನು ಸ್ವಲ್ಪ ಹೊತ್ತು ನೋಡಿದರು. "ಆ ವಿಶ್ರಾಂತಿ ಗೃಹಕ್ಕೆ ಒಂದ್ಸಲ ಹೋಗಿದ್ದೆ. ತೋಟ ಇದೆ, ಬೆಂಚು ಇದೆ. ಎಲ್ಲರೂ ಒಳ್ಳೇವ್ರು. ಎಷ್ಟು ಒಳ್ಳೇವ್ರು ಅಂದ್ರೆ, ದಿನಾ ಪ್ರಾರ್ಥನೆಯಲ್ಲಿ ದೇವರಿಗೆ ಹೇಳೋಕ್ಕೆ ಏನೂ ಇರಲ್ಲ. ಇಲ್ಲಿ ಬೆಳಗೆದ್ರೆ ವಾರ್ಡಿದೆ. ಯಾರೋ ಕಾಯ್ತಿರ್ತಾರೆ. ಈ ಇಬ್ರೂ ಇದಾರೆ. ಇಬ್ರೂ ಕೈಲಾಗದೋರು, ಅದು ಬೇರೆ ಮಾತು." ಮೆಟ್ಟಿಲಿಳಿಯುವ ಮುಂಚೆ ತಿರುಗಿ, "ಎಂಜಿನ್ ಅಂತ ಬಂದ್ರೆ ಸ್ವಲ್ಪ ಕಡಿಮೆ ಮಾಡಪ್ಪ" ಎಂದರು.

ಕಡಿಮೆ ಮಾಡುವ ಉಪಾಯವಿರಲಿಲ್ಲ. ಕೂಡಿಸಿ ನೋಡಿದರೆ ಸುಗುಣಕ್ಕ ಎಂಜಿನ್. ಅದು ಪರೀಕ್ಷೆಯಿಲ್ಲದೆಯೂ ಗೊತ್ತಿತ್ತು. ಆದರೆ ಜೀವರತ್ನನೂ ಎಂಜಿನ್. ತುಟಿ ಬಿಚ್ಚದ ಎಲಿಷಪ್ಪನಂತೂ ಮೂವರಲ್ಲೇ ದೊಡ್ಡ ಎಂಜಿನ್. ಪುಸ್ತಿಕೆಯ ಕೋಷ್ಟಕದಲ್ಲಿ 'ಒಂದೇ ತಂಡದಲ್ಲಿ ಎರಡು ಎಂಜಿನ್: ಕೂಡಲೇ ಬೇರ್ಪಡಿಸಿ' ಎಂದಿತ್ತು. ಮೂರು ಎಂಜಿನ್ನಿನ ಬಗ್ಗೆ ಏನೂ ಇರಲಿಲ್ಲ. ಅಂಥದ್ದೊಂದು ಇರಬಹುದೆಂದು ಬರೆದವರಿಗೆ ಹೊಳೆದಿರಲಾರದು.

ಮರುದಿನ ಫಿಲಿಪ್ ಸರ್ ಬಂದಾಗ ನಾನು ಸುಗುಣಕ್ಕನವರ ಊಟದ ಕೋಣೆಯಲ್ಲಿ ಮೂವರ ಎದುರೇ ಕೂತು ಇದ್ದದ್ದನ್ನು ಇದ್ದಂತೆ ಹೇಳಿದೆ. ಆಮೇಲೆ ಈ ಪರೀಕ್ಷೆಗಳು ಏಕೆ ನಂಬಲರ್ಹವಲ್ಲ ಎಂದು ಸಾಕಷ್ಟು ದೀರ್ಘವಾಗಿ ವಿವರಿಸಿದೆ. ಇವತ್ತು ಸ್ಟೆಪ್ನಿ ಆದವರು ನಾಳೆ ಎಂಜಿನ್ ಆಗುತ್ತಾರೆ, ಕಣ್ಣೆದುರೇ ಉದಾಹರಣೆ ಇದೆಯಲ್ಲ ಎಂದೆ. ಅವರು ತಾಳ್ಮೆಯಿಂದ ಕೇಳಿದರು.

"ಪ್ರೊಫೆಸರ್ರೇ, ಈ ಮನೇಲಿ ನಂಬಿಕೆ ಇಲ್ದೋರು ನೀವೊಬ್ರೇ" ಎಂದರು. "ಮೂರು ಎಂಜಿನ್ ಅಂದ್ರೆ ರೈಲಿಗೂ ಜಾಸ್ತಿ. ನಾನು ಯೋಚನೆ ಮಾಡಿ ಆಗಿದೆ."

ಜೀವರತ್ನ ಎದ್ದು ಹೋಗಿ ಬಚ್ಚಲಿನ ಗೀಸರ್ ಆರಿಸಿ ಬಂದ. ಸ್ವಿಚ್ಚಿನ ಸದ್ದು ಎಲ್ಲರಿಗೂ ಕೇಳಿಸಿತು.

"ಪ್ರಾರ್ಥನೆ ಹೊತ್ತಾಯ್ತು" ಎಂದರು ಸುಗುಣಕ್ಕ. "ಊಟ ಮಾಡ್ಕೊಂಡು ಹೋಗಿ ಸರ್." ಅಡುಗೆಮನೆಗೆ ಹೋಗಿ ಹಾಲು ಒಲೆಯ ಮೇಲಿಟ್ಟು ಬಂದರು. ದಿನವೂ ಇಡುತ್ತಿದ್ದದ್ದೇ. ಆದರೆ ಉರಿಯನ್ನು ಅವತ್ತು ದೊಡ್ಡದಾಗಿ ಇಟ್ಟಿದ್ದರು ಎಂದು ನನ್ನ ನೆನಪು. ಇದು ನಂಬಬೇಡಿ ಎಂದ ಅರ್ಧದಲ್ಲಿ ಸೇರಿರಬಹುದು.

ಐವರೂ ಕಣ್ಣು ಮುಚ್ಚಿದೆವು. ನಾನು ಪೂರ್ತಿ ಮುಚ್ಚಿರಲಿಲ್ಲ. ಸುಗುಣಕ್ಕ ಆಕಾಶ ಭೂಮಿಗಳ ಸೃಷ್ಟಿಯಿಂದ ಹೊರಟು, ವಾರ್ಡಿನ ಒಬ್ಬೊಬ್ಬ ರೋಗಿಯ ಹೆಸರು ಹಿಡಿದು ಸಾಗಿ, ಕೊನೆಗೆ ಸ್ವರ ತಗ್ಗಿಸಿದರು. "ತಂದೆಯೇ, ಈ ಮನೆಯನ್ನು ಬಿಡಿಸಬೇಕೆಂಬ ಯೋಚನೆಯನ್ನು ಸಹೋದರ ಫಿಲಿಪ್ ಅವರ ಹೃದಯದಿಂದ ತೆಗೆದುಹಾಕು. ನಾವು ಮೂವರೂ ಇಲ್ಲೇ ಇದ್ದು ಒಬ್ಬರನ್ನೊಬ್ಬರು ಸಹಿಸಿಕೊಳ್ಳುವಂತಾಗಲಿ."

"ಆಮೆನ್" ಎಂದರು ಎಲಿಷಪ್ಪ.

"ಆಮೆನ್" ಎಂದ ಜೀವರತ್ನ. ಎಂದೂ ಇಲ್ಲದಷ್ಟು ಬೇಗ.

ಉಳಿದದ್ದು ಫಿಲಿಪ್ ಸರ್ ಅವರ ಆಮೆನ್. ಅಡುಗೆಮನೆಯಿಂದ ಹಾಲು ಸಣ್ಣಗೆ ಮರಳುವ ಸದ್ದು ಬಂತು. ಫಿಲಿಪ್ ಸರ್ ಕುರ್ಚಿಯಲ್ಲಿ ಅಲುಗಾಡಿದರು. ಕಾರ್ಖಾನೆಯಲ್ಲಿ ಒಂದು ಮೊಳೆ ಪೋಲಾದರೂ ಸಹಿಸದಿದ್ದವರು.

"ಸಿಸ್ಟರ್, ಹಾಲು..."

"ಕರ್ತನೇ," ಸುಗುಣಕ್ಕ ಕಣ್ಣು ತೆರೆಯಲಿಲ್ಲ, "ಸಹೋದರ ಫಿಲಿಪ್ ಅವರ ಚಿತ್ತವನ್ನು ಹಾಲಿನಿಂದ ನಿನ್ನ ಕಡೆಗೆ ತಿರುಗಿಸು."

"ಆಮೆನ್" ಎಂದರು ಎಲಿಷಪ್ಪ.

"ಉಕ್ತಾ ಇದೆ ಸಿಸ್ಟರ್."

"ಲೋಕದ ವಸ್ತುಗಳು ಉಕ್ಕಿ ಹೋಗುತ್ತವೆಂದು ಅವರಿಗೆ ತಿಳಿಸಿಕೊಡು."

ಆಗ ಚುಂಯ್ ಎಂದು ಸದ್ದಾಯಿತು, ಅದರ ಜೊತೆಗೇ ಒಂದು ಆಮೆನ್ ಕೇಳಿಸಿತು. ಫಿಲಿಪ್ ಸರ್ ಕುರ್ಚಿ ಕೆಡವಿಕೊಂಡು ಅಡುಗೆಮನೆಗೆ ಓಡಿ ಒಲೆ ಆರಿಸಿದರು. ಸುಗುಣಕ್ಕ ಕಣ್ಣೊರೆಸಿಕೊಂಡು, "ದೇವರಿಗೆ ಸ್ತೋತ್ರ" ಎಂದರು. ಅಷ್ಟರಲ್ಲಿ ಎಲಿಷಪ್ಪ ಬಟ್ಟೆ ಹಿಡಿದು ಒಲೆಯ ಮುಂದೆ ನಿಂತಾಗಿತ್ತು, ಜೀವರತ್ನ ಬರ್ನರ್ ಎತ್ತಿ ಹಿಡಿದಾಗಿತ್ತು. "ಒದ್ದೆ ಬಟ್ಟೆ ತಗೊಳ್ಳೋ ಕತ್ತೆ" ಎಂದು ಸುಗುಣಕ್ಕ ಕಣ್ಣು ಬಿಟ್ಟುಕೊಂಡೇ ಬೈದರು. ಇದು ಆ ಮನೆಯಲ್ಲಿ ನಾನು ಕೇಳಿದ ಮೊದಲ ನೇರ ಬೈಗುಳ. ಜೀವರತ್ನ ನಗುತ್ತ ಒದ್ದೆ ಬಟ್ಟೆ ತಂದ. ಫಿಲಿಪ್ ಸರ್ ಊಟ ಮಾಡಿದರು, ಸಾರಿಗೆ ಉಪ್ಪು ಹಾಕಿಸಿಕೊಂಡರು, ಹೊರಟರು. ಹೊಸಕೋಟೆಯ ಮಾತು ಮತ್ತೆ ಬರಲಿಲ್ಲ. ಆಮೆನ್ ಎಂದಾಗಿತ್ತಲ್ಲ.

ಈ ಕಥೆಯನ್ನು ನಾನು ಇಷ್ಟು ವರ್ಷ ಸ್ನೇಹಿತರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಈ ಭಾನುವಾರ ಉಕ್ಕಿದ ಹಾಲಿನ ಒಲೆ ಒರೆಸುತ್ತ ಅಮ್ಮನಿಗೂ ಹೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಫಿಲಿಪ್ ಎಲ್ಲಿ ಅಂದ್ರು? ಆಮೆನ್ ಅಂದವನು ನೀನು."

"ನಾನಾ? ನನಗೆ ದೇವರೇ ಇಲ್ವಲ್ಲಮ್ಮ."

"ಇಲ್ದಿದ್ರೇನು, ಬಾಯಿ ಇದೆಯಲ್ಲ. ನಾನು ಗೋಡೆ ಪಕ್ಕ ಬಟ್ಟೆ ತೆಗೀತಿದ್ದೆ. ನಿನ್ನ ಗಂಟಲು ನನಗೆ ಗೊತ್ತಾಗಲ್ವೇನೋ?"

ನನಗೆ ಅಂದು ನಿದ್ದೆ ಸರಿಯಾಗಿ ಹತ್ತಲಿಲ್ಲ. ಅಮ್ಮ ಹೇಳಿದ್ದು ನಿಜವಾದರೆ, ಫಿಲಿಪ್ ಸರ್ ಒಪ್ಪಿಯೇ ಇರಲಿಲ್ಲ. ಪ್ರಾರ್ಥನೆ ಮುಗಿಯಿತೆಂದು ಎದ್ದು ಓಡಿದ್ದರು, ಅಷ್ಟೆ. ಆಮೇಲೆ ತಾವೇ ಅಂದಿರಬೇಕೆಂದು ಅವರೂ ನಂಬಿಕೊಂಡಿರಬಹುದು. ಸುಗುಣಕ್ಕ ಇಷ್ಟು ವರ್ಷ ಆ ಮನೆಯಲ್ಲಿ ಉಳಿದದ್ದು ಒಬ್ಬ ನಾಸ್ತಿಕನ ಆಮೆನ್ನಿನ ಮೇಲೆ ಎಂದಾಯಿತು.

ನಿನ್ನೆ ಸಂಜೆ ಚಾಮರಾಜಪೇಟೆಗೆ ಹೋದೆ. ಮನೆ ಹಾಗೇ ಇದೆ. ಎಲಿಷಪ್ಪನವರಿಗೆ ಮಂಡಿ ನೋವು, ಜೀವರತ್ನನಿಗೆ ಹೊಟ್ಟೆ ಬಂದಿದೆ. ಸುಗುಣಕ್ಕ ಈಗ ವಾರ್ಡಿಗೆ ಹೋಗುವುದು ಎಲಿಷಪ್ಪ ತಳ್ಳುವ ಗಾಲಿಕುರ್ಚಿಯಲ್ಲಿ. "ಸ್ವಲ್ಪ ಒಳಗೆ ಹೋಗಿ ಅಂತ ನನ್ನ ಕಿವೀಲೇ ಕೂಗ್ತಾನೆ" ಎಂದು ನನಗೆ ದೂರು ಕೊಟ್ಟರು, ಎಲಿಷಪ್ಪನ ಎದುರೇ.

ಅವತ್ತು ಆಮೆನ್ ಅಂದವರು ಯಾರು ಎಂದು ಕೇಳಿದೆ. ಫಿಲಿಪ್ ಸರ್ ಎಂದರು ಎಲಿಷಪ್ಪ. ಇಲ್ಲ, ಯಾರೂ ಅನ್ನದ್ದು ನೋಡಿ ತಾನೇ ದನಿ ಬದಲಾಯಿಸಿ ಇನ್ನೊಂದು ಸಲ ಅಂದೆ ಎಂದ ಜೀವರತ್ನ. "ನಿನ್ನ ದನಿ ನನಗೆ ಗೊತ್ತಿಲ್ವೇನೋ" ಎಂದು ಇಬ್ಬರಿಗೂ ಹತ್ತಿಕೊಂಡಿತು. ನಾನು ಸುಗುಣಕ್ಕನನ್ನು ನೋಡಿದೆ.

"ನನ್ನ ಕಣ್ಣು ಮುಚ್ಚಿತ್ತಪ್ಪ, ನನಗೇನು ಗೊತ್ತು" ಎಂದರು. "ಬನ್ನಿ, ಪ್ರಾರ್ಥನೆ ಹೊತ್ತಾಯ್ತು. ಜೀವಾ, ಹಾಲಿಡು."

ಎಲ್ಲರೂ ಕೂತೆವು. ಸುಗುಣಕ್ಕ ಈ ಸಲ ಸೃಷ್ಟಿಯವರೆಗೆ ಹೋಗಲಿಲ್ಲ. "ತಂದೆಯೇ, ಮನೆ ಬದಲಾಯಿಸಿದ ಮೇಲೆ ಈ ಮೇಷ್ಟರು ಒಂದು ಸಲವೂ ನಮ್ಮನ್ನು ನೋಡಲು ಬರಲಿಲ್ಲ. ಈಗಲೂ ಬಂದದ್ದು ತಮ್ಮ ಅನುಮಾನ ಪರಿಹರಿಸಿಕೊಳ್ಳಲು. ತಿಂಗಳಿಗೊಂದು ಭಾನುವಾರ ಇವರು ನಮ್ಮೊಡನೆ ವಾರ್ಡಿಗೆ ಬರುವ ಮನಸ್ಸನ್ನು ಕೊಡು. ಹರಕಿಲ್ಲದ ಬಟ್ಟೆಯನ್ನೂ ಕೊಡು."

"ಆಮೆನ್" ಎಂದರು ಎಲಿಷಪ್ಪ.

"ಆಮೆನ್" ಎಂದ ಜೀವರತ್ನ, ನಗು ತಡೆದುಕೊಂಡು.

ಅಡುಗೆಮನೆಯಲ್ಲಿ ಹಾಲು ಸದ್ದು ಮಾಡತೊಡಗಿತು. ಮೂವರೂ ಕಣ್ಣು ಮುಚ್ಚಿ ಕಾಯುತ್ತಿದ್ದರು. ಫಿಲಿಪ್ ಸರ್ ಬಗ್ಗೆ ನನಗೆ ಮೊದಲ ಸಲ ಕನಿಕರ ಹುಟ್ಟಿತು. ಯೋಚಿಸಲು ಬೇಕಾದಷ್ಟಿತ್ತು, ಆದರೆ ಯೋಚಿಸುವವರು ಹಾಲಿನ ಹತ್ತಿರ ಇರಬಾರದು. ಆಮೆನ್ ಎಂದೆ, ಜೋರಾಗಿಯೇ. ಎದ್ದು ಹೋಗಿ ಒಲೆ ಆರಿಸಿದೆ. ಹಾಲು ಪಾತ್ರೆಯ ಅಂಚಿನವರೆಗೆ ಬಂದು ನಿಂತಿತ್ತು.

ಈ ಸಲ ಅಂದವನು ನಾನೇ. ಅನುಮಾನವಿದ್ದರೆ ಮೂವರು ಸಾಕ್ಷಿಗಳಿದ್ದಾರೆ. ಮೂವರ ಕಣ್ಣೂ ಮುಚ್ಚಿದ್ದವು ಎನ್ನುವುದು ಬೇರೆ ಮಾತು.